ಒಂದು ರಾತ್ರಿಯ ದಣಿವು, ಹತ್ತು ವರ್ಷದ ದಣಿವು

ಜರ್ಮನ್ ಸಂಗೀತರಚನಕಾರ ವಾಗ್ನರ್‌ನ 'ರಿಂಗ್' ಎಂಬ ನಾಲ್ಕು ಒಪೆರಾಗಳ (ಹಾಡಿನಲ್ಲೇ ನಡೆಯುವ ನಾಟಕಗಳ) ಮಾಲೆಯ ಧ್ವನಿಮುದ್ರಣಗಳ ಬಗ್ಗೆ ಬರೆಯುವವರಲ್ಲಿ ಒಂದು ರೂಢಿ ಇದೆ. ಮುದ್ರಣ ರಂಗದಿಂದ ನೇರವಾಗಿ ಹಿಡಿದದ್ದಾದರೆ ಬರಹದ ಅರ್ಧಭಾಗ ತಪ್ಪುಗಳ ಪಟ್ಟಿಗೇ ಹೋಗುತ್ತದೆ. ಇಲ್ಲಿ ಹಾರ್ನ್ ಒಡೆಯಿತು, ಅಲ್ಲಿ ಯಾರೋ ಕೆಮ್ಮಿದರು, ಗಾಯಕ ಅರ್ಧ ಮಾತ್ರೆ ಮುಂಚೆ ಎತ್ತಿಕೊಂಡ, ಪ್ರಾಂಪ್ಟರ್ ಪಿಸುಗುಟ್ಟಿದ್ದು ಕೇಳಿಸುತ್ತದೆ, ಹೀಗೆ. ಎಲ್ಲ ಮುಗಿದ ಮೇಲೆ, ಲೈವ್ ಆದ್ದರಿಂದ ಒಂದು ಬಗೆಯ ಕಾವು ಇದೆ ಎಂದು ರಿಯಾಯಿತಿಯ ಸಾಲೊಂದನ್ನು ಸೇರಿಸಿ ಅಂಕ ಕೊಟ್ಟುಬಿಡುತ್ತಾರೆ. ಈ ಲೆಕ್ಕದಲ್ಲಿ ಸ್ಟುಡಿಯೋ ಮುದ್ರಣವೇ ಅಳತೆಗೋಲು. ಲೈವ್ ಎನ್ನುವುದು ಆ ಅಳತೆಗಿಂತ ಎಷ್ಟು ಕಡಿಮೆ ಬಿತ್ತು, ಆ ಕೊರತೆಯನ್ನು ಎಷ್ಟು ಕ್ಷಮಿಸಬಹುದು ಎಂಬ ಪ್ರಶ್ನೆಯಷ್ಟೇ ಆಗುತ್ತದೆ. ಇಂಥ ಬರಹಗಳನ್ನು ಓದಿದಾಗಲೆಲ್ಲ ನನಗೆ ಸಮಾಧಾನವಾಗುವುದಿಲ್ಲ. ಸುಮಾರು ಹದಿನೈದು ಗಂಟೆಯ ಕೃತಿ, ನಾಲ್ಕು ಸಂಜೆ, ಒಂದೊಂದು ಪಾತ್ರಕ್ಕೂ ಒಂದೇ ಗಂಟಲು. ಅದನ್ನು ಅಳೆಯುವ ಕೋಲು ಬೇರೆಯೇ ಇರಬೇಕು ಅನ್ನಿಸುತ್ತದೆ.

ಆ ಕೋಲು ಯಾವುದು ಎಂದು ಯೋಚಿಸಲು ನಾನು ಮತ್ತೆ ಮತ್ತೆ ಹೋಗುವುದು ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್ ಕೃತಿಗಳಿಗೆಂದೇ ನಡೆಯುವ ಉತ್ಸವದ 1955ರ ರಿಂಗ್‌ಗೆ. ವಾದ್ಯವೃಂದವನ್ನು ನಡೆಸಿದವರು ಯೋಸೆಫ್ ಕೈಲ್ಬರ್ತ್. ಇಡೀ ರಿಂಗ್ ಸ್ಟೀರಿಯೋದಲ್ಲಿ ದಾಖಲಾದದ್ದು ಅದೇ ಮೊದಲು. ಡೆಕ್ಕಾ ಕಂಪನಿಯ ತಂಡ, ಪೀಟರ್ ಆಂಡ್ರಿ ಅವರ ಉಸ್ತುವಾರಿಯಲ್ಲಿ, ಕೆನೆತ್ ವಿಲ್ಕಿನ್ಸನ್ ಅಂಥ ಇಂಜಿನಿಯರನ್ನು ಕರೆದುಕೊಂಡು ಅಲ್ಲಿಗೆ ಹೋಗಿತ್ತು. ಸ್ಟೀರಿಯೋ ಎಲ್‌ಪಿ ಮಾರುಕಟ್ಟೆಗೆ ಬರಲು ಇನ್ನೂ ಮೂರು ವರ್ಷ ಇತ್ತು. ಕೇಳಿಸಲು ತಟ್ಟೆಯೇ ಇಲ್ಲದ ಕಾಲದಲ್ಲಿ ಹಿಡಿದ ಧ್ವನಿ ಅದು. ಅದಾದ ಮೇಲೆ ಆ ಟೇಪುಗಳು ಸುಮಾರು ಐವತ್ತು ವರ್ಷ ಕಪಾಟಿನಲ್ಲಿಯೇ ಉಳಿದವು. 1958ರಲ್ಲಿ ಇದೇ ಡೆಕ್ಕಾ, ಜಾನ್ ಕಲ್ಷಾ ಅವರ ನಿರ್ಮಾಣದಲ್ಲಿ, ವಿಯೆನ್ನಾದ ಸೋಫಿಯನ್‌ಸಾಲ್‌ನಲ್ಲಿ ಜಾರ್ಜ್ ಶೋಲ್ಟಿ ಅವರ ಸ್ಟುಡಿಯೋ ರಿಂಗ್ ಶುರುಮಾಡಿತು. 1965ರಲ್ಲಿ ಅದು ಮುಗಿಯಿತು. ಜಗತ್ತು ಅದನ್ನೇ ರಿಂಗ್ ಎಂದು ಕೇಳಿತು. ಕೈಲ್ಬರ್ತ್ ಅವರ ಟೇಪುಗಳು 2006ರಿಂದ ಟೆಸ್ಟಮೆಂಟ್ ಎಂಬ ಚಿಕ್ಕ ಕಂಪನಿಯ ಮೂಲಕ ಹೊರಬಂದವು.

ಮೂರು ಸಂಜೆ, ಒಂದು ಗಂಟಲು

ಈ ಮುದ್ರಣದ ಬಗ್ಗೆ ಮೊದಲು ನೋಡಬೇಕಾದದ್ದು ತಾರೀಕುಗಳನ್ನು. ಮೊದಲ ಆವರ್ತ (ನಾಲ್ಕೂ ಒಪೆರಾಗಳ ಒಂದು ಪೂರ್ತಿ ಸುತ್ತು) ನಡೆದದ್ದು ಜುಲೈ 24, 25, 26 ಮತ್ತು 28ರಂದು. 'ರೈನ್‌ಗೋಲ್ಡ್', 'ವಾಲ್ಕ್ಯೂರೆ', 'ಸೀಗ್‌ಫ್ರೀಡ್' ಒಂದರ ಹಿಂದೆ ಒಂದು, ನಡುವೆ ಒಂದು ದಿನ ಬಿಡುವು, ಆಮೇಲೆ 'ಗೊಟರ್‌ಡ್ಯಾಮರುಂಗ್'. ದೇವತೆಗಳ ಒಡೆಯ ವೋಟಾನ್‌ನ ಪಾತ್ರದ ಹಾನ್ಸ್ ಹಾಟರ್ ಮೂರು ಸಂಜೆ ಸಾಲಾಗಿ ಹಾಡಿದ್ದಾರೆ. ಯೋಸೆಫ್ ಗ್ರೈಂಡ್ಲ್ ನಾಲ್ಕೂ ದಿನ ವೇದಿಕೆ ಹತ್ತಿದ್ದಾರೆ: ಮೊದಲ ದಿನ ದೈತ್ಯ ಫಾಫ್ನರ್, ಎರಡನೇ ದಿನ ಹುಂಡಿಂಗ್, ಮೂರನೇ ದಿನ ಘಟಸರ್ಪವಾದ ಫಾಫ್ನರ್, ಕೊನೆಯ ದಿನ ಹಾಗೆನ್. ವೋಟಾನ್‌ನ ಮಗಳು ಬ್ರೂನ್‌ಹಿಲ್ಡೆಯಾದ ಆಸ್ಟ್ರಿಡ್ ವಾರ್ನೈ 25ರಂದು, 26ರಂದು ಹಾಡಿ, ಒಂದೇ ದಿನದ ವಿಶ್ರಾಂತಿಯ ಮೇಲೆ 28ರ ಸಂಜೆ ಇಡೀ ಕೃತಿಯ ಅತ್ಯಂತ ಭಾರದ ಕೊನೆಯನ್ನು ಹೊತ್ತಿದ್ದಾರೆ.

ಇದನ್ನು ತಿಳಿದುಕೊಂಡು ಕೇಳಿದರೆ ಕಿವಿ ಬದಲಾಗುತ್ತದೆ. 'ವಾಲ್ಕ್ಯೂರೆ'ಯ ಎರಡನೇ ಅಂಕದಲ್ಲಿ ವೋಟಾನ್ ಮಗಳ ಮುಂದೆ ತನ್ನ ಸೋಲನ್ನು ಬಿಚ್ಚಿಡುವ ದೀರ್ಘ ಸ್ವಗತವನ್ನೇ ತೆಗೆದುಕೊಳ್ಳಿ. ಅದು ಹೆಚ್ಚುಕಡಿಮೆ ಮಾತಿನಂತೆ, ಕೆಳಗಿನ ತಂತಿವಾದ್ಯಗಳ ಮಂದವಾದ ಆಸರೆಯ ಮೇಲೆ, ಅರ್ಧ ದನಿಯಲ್ಲಿ ಶುರುವಾಗುತ್ತದೆ. ಕೆಲಸ ಸುಲಭ ಎಂದು ತೋರುವ ಜಾಗ ಅದು, ಆದರೆ ಹಾಡುವವರಿಗೆ ಅಷ್ಟೇ ಅಪಾಯದ್ದು. ಸಾವಿರದ ಒಂಬೈನೂರು ಜನ ಕೂತ ಮರದ ಸಭಾಂಗಣದಲ್ಲಿ ಕೊನೆಯ ಸಾಲಿಗೂ ಮುಟ್ಟುವಂತೆ ಪಿಸುಗುಡಬೇಕು, ಮುಂದಿನ ಅಂಕದ ಬೀಳ್ಕೊಡುಗೆಗೆ ಉಸಿರನ್ನೂ ಉಳಿಸಿಕೊಳ್ಳಬೇಕು, ಮಾರನೆಯ ಸಂಜೆ 'ಸೀಗ್‌ಫ್ರೀಡ್'ನಲ್ಲಿ ವೋಟಾನ್ ತೊಡುವ ಅಲೆಮಾರಿ ವೇಷಕ್ಕೂ ಒಂದಷ್ಟು ತೆಗೆದಿಡಬೇಕು. ಹಾಟರ್ ಇಲ್ಲಿ ಏನು ಮಾಡುತ್ತಾರೆ ಎಂಬುದನ್ನು ನಾನು ಒಮ್ಮೆ ರಾತ್ರಿ ಹೊತ್ತು ಹೆಡ್‌ಫೋನ್ ಹಾಕಿಕೊಂಡು, ಜರ್ಮನ್ ಸಾಹಿತ್ಯವನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಹಿಂಬಾಲಿಸಿದ್ದೆ. ಅವರು ಆರಂಭದಲ್ಲಿ ಸ್ವರಗಳನ್ನು ಹೆಚ್ಚುಕಡಿಮೆ ಹಾಡುವುದೇ ಇಲ್ಲ. ಅಕ್ಷರಗಳ ಮೇಲೆ ಭಾರ ಹಾಕಿ ಮುಂದೆ ಸರಿಯುತ್ತಾರೆ. ದನಿ ದೊಡ್ಡದಾಗುವುದು ಕೋಪ ಬಂದಾಗಲಲ್ಲ, ನಾಚಿಕೆ ಬಂದಾಗ. ಕೊನೆಗೆ 'ದಾಸ್ ಎಂಡೆ' (ಅಂತ್ಯ) ಎಂಬ ಕೂಗು ಎರಡು ಸಲ ಬರುತ್ತದೆ, ಎರಡನೆಯದು ಮೆಲ್ಲಗೆ. ಅವೆರಡರ ನಡುವೆ ಇರುವ ಮೌನ ಸ್ಟುಡಿಯೋದಲ್ಲಿ ಸಿಗುವಂಥದ್ದಲ್ಲ. ಅದರಲ್ಲಿ ಒಂದು ಸಭಾಂಗಣದ ಗಾಳಿ ಇದೆ, ಉಸಿರು ಹಿಡಿದ ಜನ ಇದ್ದಾರೆ, ಮುಂದಿನ ಸ್ವರ ಯಾವ ಎತ್ತರದಲ್ಲಿ ಬರುತ್ತದೆಂದು ತಿಳಿಯದ ಆತಂಕ ಇದೆ. ಆ ಮೌನದ ಉದ್ದವನ್ನು ನಿರ್ಧರಿಸಿದ್ದು ಆ ಸಂಜೆಯ ಹಾಟರ್ ಅವರ ಉಸಿರು, ಮತ್ತು ಆ ಉಸಿರಿಗಾಗಿ ವಾದ್ಯವೃಂದದ ಹೊಂಡದಲ್ಲಿ ಕೈ ಎತ್ತಿ ಕಾದ ಕೈಲ್ಬರ್ತ್.

ಹೀಗೆ ಕೇಳುತ್ತಾ ಹೋದಂತೆ ನನಗೆ ಒಂದು ಅಳತೆಗೋಲು ಸಿಕ್ಕಿತು. ಲೈವ್ ರಿಂಗ್‌ನಲ್ಲಿ ತೂಗಬೇಕಾದದ್ದು ಶಕ್ತಿಯ ಹಂಚಿಕೆಯನ್ನು. ಯಾರು ಎಲ್ಲಿ ಖರ್ಚು ಮಾಡಿದರು, ಎಲ್ಲಿ ಉಳಿಸಿದರು, ಉಳಿಸಿದ್ದು ಪಾತ್ರದ ಒಳಗಿನಿಂದಲೇ ಉಳಿಸಿದಂತೆ ಕೇಳಿಸಿತೇ, ಇಲ್ಲಾ ಗಾಯಕ ಪಾತ್ರವನ್ನು ಬಿಟ್ಟು ಸುಮ್ಮನೆ ವಿಶ್ರಾಂತಿ ತೆಗೆದುಕೊಂಡನೇ? ವಾಗ್ನರ್‌ನ ನಾಟಕದಲ್ಲಿ ದಣಿವು ಕಥೆಯೊಳಗೇ ಇದೆ. ವೋಟಾನ್ ದಣಿಯುತ್ತಾ ಹೋಗುವ ದೇವರು. ಅವನನ್ನು ಪ್ರತಿ ದೃಶ್ಯಕ್ಕೂ ಹೊಸ ಬೆಳಗಿನ ದನಿಯಲ್ಲಿ ಹಾಡಿಸಿದರೆ ಕೃತಿಯಿಂದ ಏನೋ ಕಳೆದುಹೋಗುತ್ತದೆ.

ಮೈಕ್ ಎಲ್ಲಿತ್ತು?

ನಮ್ಮ ಬಡಾವಣೆಯಲ್ಲಿ ಆಕಾಶವಾಣಿಯಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಕಛೇರಿಗಳನ್ನು ಸಭಾಂಗಣಕ್ಕೇ ಹೋಗಿ ಟೇಪು ಮಾಡಿದ ಅನುಭವ ಅವರದು. ಅವರಿಗೆ ಜರ್ಮನ್ ಬಾರದು, ಒಪೆರಾ ಬಗ್ಗೆ ವಿಶೇಷ ಒಲವೂ ಇರಲಿಲ್ಲ. ಒಂದು ಭಾನುವಾರ 'ಸೀಗ್‌ಫ್ರೀಡ್'ನ ಮೊದಲ ಅಂಕದ ಕೊನೆಯ ಭಾಗ ಹಾಕಿ ಕೂರಿಸಿದೆ. ಸೀಗ್‌ಫ್ರೀಡ್ ಮುರಿದ ಕತ್ತಿಯನ್ನು ಕರಗಿಸಿ ಮತ್ತೆ ಎರಕ ಹೊಯ್ದು ಬಡಿಯುವ ದೃಶ್ಯ. ಪಕ್ಕದಲ್ಲಿ ಕುಳ್ಳ ಮೀಮೆ ವಿಷ ಬೇಯಿಸುತ್ತಿರುತ್ತಾನೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹಾಡಿನ ಬಗ್ಗೆ ಒಂದು ಮಾತೂ ಇಲ್ಲ. "ಸರ್, ಹೇಗನಿಸಿತು?" ಎಂದೆ.

"ನೋಡಮ್ಮ, ಇದರಲ್ಲಿ ಮೈಕು ಹಾಡೋರ ಹತ್ತಿರ ಇಲ್ಲ. ಅವನು ಆ ಕಡೆ ತಿರುಗಿದ, ಕೇಳಿಸ್ತಲ್ಲ? ಆದರೂ ಮಾತು ಬಿಟ್ಟುಹೋಗಲಿಲ್ಲ. ವಾದ್ಯ ಕೆಳಗಡೆ ಎಲ್ಲೋ ಮುಚ್ಚಿಟ್ಟ ಹಾಗಿದೆ. ಹಾಲು ಮರದ್ದಾ?"

ಅವರು ಬೈರಾಯ್ಟ್ ಸಭಾಂಗಣದ ಚಿತ್ರವನ್ನೂ ನೋಡಿದವರಲ್ಲ. ಒಂದು ಕಾಗದ ತೆಗೆದುಕೊಂಡು ನಾನು ಗೀಚಿ ತೋರಿಸಿದೆ: ವೇದಿಕೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ವಾದ್ಯಗಳ ಹೊಂಡ, ಮೇಲೆ ಪಿಟೀಲುಗಳು, ತೀರಾ ಆಳದಲ್ಲಿ ಟ್ರೊಂಬೋನುಗಳು, ಕಂಡಕ್ಟರನ್ನೂ ವಾದಕರನ್ನೂ ಪ್ರೇಕ್ಷಕರ ಕಣ್ಣಿನಿಂದ ಮರೆಮಾಡುವ ಬಾಗಿದ ಮುಚ್ಚಳ. ವಾದ್ಯದ ದನಿ ನೇರವಾಗಿ ಪ್ರೇಕ್ಷಕರ ಕಡೆ ಬರುವುದಿಲ್ಲ. ಮೊದಲು ವೇದಿಕೆಯತ್ತ ಹೋಗಿ, ಹಾಡುವವರ ದನಿಯೊಂದಿಗೆ ಬೆರೆತು, ಆಮೇಲೆ ಹೊರಬರುತ್ತದೆ. ಹೊಂಡದೊಳಗೆ ನಿಂತ ಕಂಡಕ್ಟರ್‌ಗೆ ವಾದ್ಯಗಳು ಅಬ್ಬರವಾಗಿ, ಹಾಡುವವರು ಮಂದವಾಗಿ ಕೇಳಿಸುತ್ತಾರೆ. ಅಲ್ಲಿ ಕೆಲಸ ಮಾಡಿದ ಹಲವರು ಈ ಕಷ್ಟ ಹೇಳಿದ್ದಾರೆ. ಹಿರಿಯರು ಆ ಗೀಚು ನೋಡಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನು ತನ್ನ ಕಿವಿಯನ್ನು ನಂಬೋ ಹಾಗಿಲ್ಲ, ಬಾಯಿ ನೋಡಿ ಕೈ ಹಾಕಬೇಕು" ಎಂದರು. ಕೈಲ್ಬರ್ತ್ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಒಂದು ಮಾತು ಹೆಚ್ಚು ತಿಳಿಸಿತು.

ಏಕೆಂದರೆ ಕೈಲ್ಬರ್ತ್ ಅವರನ್ನು ಸಾಮಾನ್ಯವಾಗಿ 'ನಂಬಿಕಸ್ಥ', 'ಚುರುಕು' ಎಂದು ಹೊಗಳಿ ಪಕ್ಕಕ್ಕೆ ಸರಿಸುತ್ತಾರೆ. ಕಂಡಕ್ಟರ್ ಫುರ್ಟ್‌ವೆಂಗ್ಲರ್ ಅವರ ಆಳ ಇಲ್ಲ, ಇನ್ನೊಬ್ಬ ಕಂಡಕ್ಟರ್ ಕ್ನಾಪರ್ಟ್ಸ್‌ಬುಷ್ ಅವರ ವಿಸ್ತಾರ ಇಲ್ಲ ಎನ್ನುತ್ತಾರೆ. ಆದರೆ 'ಸೀಗ್‌ಫ್ರೀಡ್' ಮೊದಲ ಅಂಕವನ್ನು ಕೇಳಿ. ಸೀಗ್‌ಫ್ರೀಡ್ ಪಾತ್ರದ ವೋಲ್ಫ್‌ಗಾಂಗ್ ವಿಂಡ್‌ಗಾಸನ್ ದೊಡ್ಡ ಗಂಟಲಿನವರಲ್ಲ. ಕತ್ತಿ ಬಡಿಯುತ್ತಲೇ ಹಾಡಬೇಕಾದ ಜಾಗದಲ್ಲಿ ಏಟುಗಳು ತಾಳಕ್ಕಿಂತ ಸ್ವಲ್ಪ ಆಚೀಚೆ ಬೀಳುತ್ತವೆ. ಹಾಡುವವನು ಆತುರಪಟ್ಟಾಗ ವಾದ್ಯವೃಂದ ಅವನನ್ನು ಗದರಿಸದೆ ಜೊತೆಗೆ ಓಡುತ್ತದೆ. ಉಸಿರಿಗೆ ನಿಂತಾಗ ನೆಲ ಸರಿಯದಂತೆ ಹಿಡಿದುಕೊಳ್ಳುತ್ತದೆ. ಅಂಕ ಮುಗಿಯುವ ಹೊತ್ತಿಗೆ ವಿಂಡ್‌ಗಾಸನ್ ಇನ್ನೂ ನಿಂತಿದ್ದಾರೆ, ಮುಂದಿನ ಎರಡು ಅಂಕಕ್ಕೆ ಬಂಡವಾಳವೂ ಇದೆ. ಈ ಕೌಶಲ ಸ್ಟುಡಿಯೋದಲ್ಲಿ ಬೇಕಾಗುವುದೇ ಇಲ್ಲ. ಅಲ್ಲಿ ಆ ದೃಶ್ಯವನ್ನು ಒಂದು ದಿನ, ಬ್ರೂನ್‌ಹಿಲ್ಡೆ ಎಚ್ಚರಗೊಳ್ಳುವ ದೃಶ್ಯವನ್ನು ಇನ್ನೊಂದು ದಿನ ಮಾಡಿಕೊಳ್ಳಬಹುದು.

ಆ ಎಚ್ಚರಗೊಳ್ಳುವ ದೃಶ್ಯ ಬೇರೆಯೇ ಪ್ರಶ್ನೆ. ಮೂರನೇ ಅಂಕದ ಕೊನೆಯಲ್ಲಿ, ಇಡೀ ಸಂಜೆ ಹಾಡಿ ಸವೆದ ಗಂಡಸಿನ ಎದುರಿಗೆ, ಆ ಸಂಜೆ ಒಂದು ಸ್ವರವನ್ನೂ ಹಾಡದ ಹೆಂಗಸು ಎದ್ದು ಕೂರುತ್ತಾಳೆ. ಇದು ಅನ್ಯಾಯ ಎಂದು ಟೆನರುಗಳು, ಅಂದರೆ ಎತ್ತರದ ದನಿಯ ಗಂಡು ಗಾಯಕರು, ದೂರುತ್ತಾ ಬಂದಿದ್ದಾರೆ. ಕರಾವಳಿಯ ಯಕ್ಷಗಾನದಲ್ಲಿ ಇರುಳಿನ ಮೊದಲ ಭಾಗ ಬೇರೆ ಭಾಗವತರು ಹಾಡಿ, ನಡುರಾತ್ರಿಯ ನಂತರ ಮುಖ್ಯ ಭಾಗವತರು ಜಾಗಟೆ ಹಿಡಿಯುವ ಪದ್ಧತಿ ಇದೆ. ಕಥೆಯ ಭಾರ ಹೆಚ್ಚುವ ಹೊತ್ತಿಗೆ ಹೊಸ ದನಿ ಬರುತ್ತದೆ. ವಾಗ್ನರ್ ಹಳೆಯ ದನಿಯನ್ನು ಕೂರಿಸದೆ ಹೊಸ ದನಿಯನ್ನು ಅದರ ಎದುರಿಗೇ ತಂದು ನಿಲ್ಲಿಸುತ್ತಾನೆ. ಅಂಜಿಕೆ ಎಂದರೇನೆಂದು ತಿಳಿಯದ ಹುಡುಗ ಮೊದಲ ಸಲ ಅಂಜುವುದು ಇಲ್ಲಿಯೇ. 1955ರ ಮುದ್ರಣದಲ್ಲಿ ವಾರ್ನೈ ಸೂರ್ಯನಿಗೆ ನಮಸ್ಕಾರ ಹೇಳುತ್ತಾ ಎದ್ದಾಗ ವಿಂಡ್‌ಗಾಸನ್ ದನಿ ಪಕ್ಕದಲ್ಲಿ ಚಿಕ್ಕದಾಗಿ, ಅಂಚು ಸವೆದು ಕೇಳಿಸುತ್ತದೆ. ಇದನ್ನು ವಿಮರ್ಶಕರು ಕೊರತೆಯ ಖಾತೆಗೆ ಹಾಕುತ್ತಾರೆ. ನನಗೆ ಅದೇ ಆ ದೃಶ್ಯದ ಸತ್ಯ.

ಅದೇ ಜನ, ಎರಡು ಮುದ್ರಣ

ಸ್ಟುಡಿಯೋ ಮತ್ತು ಲೈವ್ ಹೋಲಿಕೆಯನ್ನು ಬರೀ ತತ್ತ್ವದಲ್ಲಿ ಮಾಡಬೇಕಾಗಿಲ್ಲ ಎಂಬುದು ಈ ಮುದ್ರಣದ ದೊಡ್ಡ ಲಾಭ. ಹಾಟರ್, ವಿಂಡ್‌ಗಾಸನ್, ಉಂಗುರ ಮಾಡಿದ ಕುಳ್ಳ ಆಲ್ಬೆರಿಷ್‌ನ ಪಾತ್ರದ ಗುಸ್ತಾವ್ ನೈಡ್ಲಿಂಗರ್, ಈ ಮೂವರೂ ಶೋಲ್ಟಿ ರಿಂಗ್‌ನಲ್ಲಿಯೂ ಇದ್ದಾರೆ. ಕಂಪನಿಯೂ ಒಂದೇ.

1909ರಲ್ಲಿ ಹುಟ್ಟಿದ ಹಾಟರ್‌ಗೆ 1955ರಲ್ಲಿ 46 ವರ್ಷ. ಶೋಲ್ಟಿ 'ವಾಲ್ಕ್ಯೂರೆ' ಮುದ್ರಣವಾದ 1965ರಲ್ಲಿ 56. ವಿಯೆನ್ನಾದಲ್ಲಿ ಅವರಿಗೆ ಬೇಕಾದಷ್ಟು ವಿಶ್ರಾಂತಿ, ಬೇಕಾದಷ್ಟು ಟೇಕುಗಳು, ಅಂದರೆ ಮತ್ತೆ ಮತ್ತೆ ಹಾಡಿ ಮುದ್ರಿಸುವ ಅವಕಾಶ. ಆದರೂ ಅಲ್ಲಿ ದನಿ ಅಲುಗಾಡುತ್ತದೆ, ಮೇಲಿನ ಸ್ವರಗಳಲ್ಲಿ ಹಿಡಿತ ಸಡಿಲ. ಅಕ್ಷರಗಳಲ್ಲಿ ತುಂಬಿದ ಬುದ್ಧಿವಂತಿಕೆ ಹಾಗೇ ಇದೆ, ಅದನ್ನು ಹೊರುವ ಮೈ ಮಾತ್ರ ಮುದಿಯಾಗಿದೆ. ಬೈರಾಯ್ಟ್‌ನಲ್ಲಿ, ಹಿಂದಿನ ಸಂಜೆ 'ರೈನ್‌ಗೋಲ್ಡ್' ಮುಗಿಸಿ ಬಂದ ಹಾಟರ್ ಅಂತಿಮ ಬೀಳ್ಕೊಡುಗೆಯ ಹೊತ್ತಿಗೆ ದಣಿದಿರುವುದು ಕೇಳಿಸುತ್ತದೆ, ಉಸಿರಿನಲ್ಲಿ ಒಂದು ಮಬ್ಬು ಇದೆ. ಆದರೆ ಇದು ಒಂದು ರಾತ್ರಿಯ ದಣಿವು. ಅದರ ಕೆಳಗೆ ಗಟ್ಟಿಯಾದ ನೆಲ ಇದೆ. ವಿಯೆನ್ನಾದ್ದು ಹತ್ತು ವರ್ಷದ ದಣಿವು, ಯಾವ ಟೇಕಿನಿಂದಲೂ ತಿದ್ದಲಾಗದ್ದು. ಎಲ್ಲ ಅನುಕೂಲ ಇರುವ ಮುದ್ರಣ ತಡವಾಗಿ ಬಂತು, ಅನುಕೂಲವಿಲ್ಲದ್ದು ಸರಿಯಾದ ಹೊತ್ತಿಗೆ ಅಲ್ಲಿತ್ತು. ಲೈವ್ ಮುದ್ರಣವನ್ನು ಸ್ಟುಡಿಯೋಗಿಂತ ಕೆಳಗಿನದೆಂದು ಇಡುವವರು ಈ ಒಂದು ಉದಾಹರಣೆಯನ್ನಾದರೂ ಕೂತು ಕೇಳಬೇಕು.

ಕಲ್ಷಾ ಅವರ ಸ್ಟುಡಿಯೋ ಕೆಲಸವನ್ನು ನಾನು ಕಡೆಗಣಿಸುತ್ತಿಲ್ಲ. 'ರೈನ್‌ಗೋಲ್ಡ್'ನಲ್ಲಿ ವಾಗ್ನರ್ ಬರೆದ ಹದಿನೆಂಟು ಕಮ್ಮಾರರ ಅಡಿಗಲ್ಲುಗಳನ್ನು ಅಷ್ಟೂ ಸಂಖ್ಯೆಯಲ್ಲಿ ಕೇಳಿಸಿದ್ದು ಅವರ ಹಟ. ಅದು ಕಿವಿಗಾಗಿಯೇ ಕಟ್ಟಿದ ರಂಗಭೂಮಿ. ಆದರೆ 'ಗೊಟರ್‌ಡ್ಯಾಮರುಂಗ್' ಮೊದಲ ಅಂಕದ ಕೊನೆಯಲ್ಲಿ, ಸೀಗ್‌ಫ್ರೀಡ್ ಗುಂಥರ್‌ನ ವೇಷದಲ್ಲಿ ಬ್ರೂನ್‌ಹಿಲ್ಡೆಯ ಬಂಡೆ ಹತ್ತಿ ಬರುವ ಜಾಗದಲ್ಲಿ, ವಿಯೆನ್ನಾದ ತಂಡ ವಿಂಡ್‌ಗಾಸನ್ ದನಿಯನ್ನು ಯಂತ್ರದಿಂದ ಗಡಸು ಮಾಡಿತು. ಪರಿಣಾಮ ಚೆನ್ನಾಗಿದೆ, ಬೇರೆ ಯಾರೋ ಬಂದಂತೆಯೇ ಕೇಳಿಸುತ್ತದೆ. ಬೈರಾಯ್ಟ್‌ನಲ್ಲಿ ಅದೇ ಮನುಷ್ಯ ತನ್ನ ಗಂಟಲಲ್ಲೇ ದನಿ ಕುಗ್ಗಿಸಿ, ಬಣ್ಣ ಬದಲಿಸಿ ಹಾಡಬೇಕು. ವೇಷ ಪೂರ್ತಿ ಮುಚ್ಚುವುದಿಲ್ಲ, ಒಳಗಿರುವವನು ಯಾರೆಂದು ನಮಗೆ ಕೇಳುತ್ತಲೇ ಇರುತ್ತದೆ. ತನ್ನ ಗಂಡನೇ ತನ್ನ ಕೈಯ ಉಂಗುರ ಕಿತ್ತುಕೊಳ್ಳುತ್ತಿದ್ದಾನೆಂದು ಬ್ರೂನ್‌ಹಿಲ್ಡೆಗೆ ತಿಳಿಯದು, ನಮಗೆ ತಿಳಿಯುತ್ತದೆ. ಆ ಎರಡರ ನಡುವೆ ನಿಂತು ಕೇಳುವುದು ಹೆಚ್ಚು ಸಂಕಟದ ಕೆಲಸ.

ಮೈಸೂರಿಗೆ ಬಂದ ತಟ್ಟೆಗಳು

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಏಕೆಂದರೆ ಈ ಲೋಕಕ್ಕೂ ಮೈಸೂರಿಗೂ ಒಂದು ನಿಜವಾದ ದಾರಿ ಇದೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನ್ ಸಂಗೀತರಚನಕಾರ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದವು. ಹಾಡಿದವರು ಕೀರ್ಸ್ಟೆನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಅದೇ ವರ್ಷದ ಮಾರ್ಚ್, ಏಪ್ರಿಲ್‌ನಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಇವರಿಬ್ಬರೂ ಸೇರಿ ಮಾಡಿದ ರಿಂಗ್ ಇವತ್ತಿಗೂ ಬಹಳ ಜನ ಪ್ರೀತಿಸುವ ಲೈವ್ ಮುದ್ರಣ. ಲಂಡನ್ ಕಛೇರಿಗೆ 4,800 ಡಾಲರಿನ ಭರವಸೆ ಕೊಟ್ಟವರು ಜಯಚಾಮರಾಜ ಒಡೆಯರ್. ಅವರು ಅಲ್ಲಿಗೆ ಹೋಗಲಾಗಲಿಲ್ಲ. ಆದ್ದರಿಂದ ಹಾಡುಗಳನ್ನು ಮುದ್ರಿಸಿ, ಸುಮಾರು ಇಪ್ಪತ್ತು ಸಾವಿರ ತಟ್ಟೆಗಳಿದ್ದ ತಮ್ಮ ಸಂಗ್ರಹಕ್ಕೆ ತರಿಸಿಕೊಳ್ಳುವ ಏರ್ಪಾಡಾಗಿತ್ತು. ಆ ಸಂಜೆಯ ದನಿ ಉಳಿದದ್ದು ಅಸಿಟೇಟ್ ತಟ್ಟೆಗಳ ಮೇಲೆ. ಅವು ವಿಪರೀತ ಸವೆದವು, ಮೊದಲ ಎಲ್‌ಪಿಯಂತೂ ಕೇಳಲು ಕಷ್ಟ. ಆಮೇಲೆ ಡಿಜಿಟಲ್ ವಿಧಾನದಲ್ಲಿ ತಿದ್ದಿ ಹೊರತಂದವರಲ್ಲಿ ಇದೇ ಟೆಸ್ಟಮೆಂಟ್ ಕೂಡ ಒಂದು.

ಆ ಹಾಡುಗಳಿಗೆ ಆಮೇಲೆ ಬಂದ ಸ್ಟುಡಿಯೋ ಮುದ್ರಣಗಳು ಒಂದಕ್ಕಿಂತ ಒಂದು ಚೆಂದ. ಆದರೂ ಕರಕರ ಸದ್ದಿನ ನಡುವಿನ ಆ ಫ್ಲಾಗ್‌ಸ್ಟಾಡ್ ಅವರನ್ನು ನಾನು ಬಿಡಲಾರೆ. ಒಂದು ಕೃತಿ ಯಾರ ಕಿವಿಗೂ ಬಿದ್ದಿರದ ಸ್ಥಿತಿಯಿಂದ ಬಿದ್ದ ಸ್ಥಿತಿಗೆ ದಾಟುವುದು ಒಂದೇ ಸಲ. ಅದು ನಡೆದ ಸಂಜೆಯನ್ನು ಕೇಳುವಾಗ ಸವೆದ ತಟ್ಟೆಯ ಸದ್ದನ್ನು ಹಿಡಿದುಕೊಂಡು ಅಂಕ ಕಳೆಯುವ ಮನಸ್ಸು ನನಗೆ ಬರುವುದಿಲ್ಲ.

ಲೈವ್ ಎಂದರೆ ಯಾವ ದಿನ?

ಪೆಟ್ಟಿಗೆಯ ಮೇಲೆ 'ಲೈವ್' ಎಂದು ಬರೆದಿದ್ದರೆ ಸಾಲದು, ಯಾವ ದಿನ ಎಂದು ಕೇಳಬೇಕು. ಫಿಲಿಪ್ಸ್ ಹೊರತಂದ ಕಾರ್ಲ್ ಬ್ಯೋಮ್ ಅವರ ಬೈರಾಯ್ಟ್ ರಿಂಗ್‌ನಲ್ಲಿ 'ರೈನ್‌ಗೋಲ್ಡ್', 'ಸೀಗ್‌ಫ್ರೀಡ್' 1966ರವು, 'ವಾಲ್ಕ್ಯೂರೆ', 'ಗೊಟರ್‌ಡ್ಯಾಮರುಂಗ್' 1967ರವು. ಪ್ರತಿಯೊಂದೂ ಒಳ್ಳೆಯದು, ಬಿರ್ಗಿಟ್ ನಿಲ್ಸನ್ ಅವರ ದನಿಗೆ ಎದುರಿಲ್ಲ. ಆದರೆ ಅದು ಒಂದೇ ವಾರದಲ್ಲಿ ನಡೆದ ಒಂದು ಪಯಣವಲ್ಲ, ನಡುವೆ ಒಂದು ವರ್ಷ ಕಳೆದಿದೆ. 1953ರ ರೋಮ್ ರೇಡಿಯೋದ ಫುರ್ಟ್‌ವೆಂಗ್ಲರ್ ರಿಂಗ್‌ನಲ್ಲಿ ಆಹ್ವಾನಿತ ಪ್ರೇಕ್ಷಕರಿದ್ದರು, ಆದರೆ ದಿನಕ್ಕೆ ಒಂದೊಂದು ಅಂಕದಂತೆ ಮಾಡಿದರು, ರಂಗವಿಲ್ಲ, ವೇಷವಿಲ್ಲ. ಅಲ್ಲಿ ಪ್ರತಿ ಅಂಕದಲ್ಲಿಯೂ ಹಾಡುವವರು ಹೊಸದಾಗಿ ಬಂದು ನಿಲ್ಲುತ್ತಾರೆ. ಇವು ಯಾವುವೂ ಮೋಸವಲ್ಲ. ಆದರೆ ಶಕ್ತಿಯ ಹಂಚಿಕೆಯೇ ಅಳತೆಗೋಲು ಎಂದಾದರೆ, ಇವನ್ನು ಕೈಲ್ಬರ್ತ್ ಮುದ್ರಣದ ಪಕ್ಕದಲ್ಲಿ ಒಂದೇ ತಕ್ಕಡಿಗೆ ಹಾಕಲು ಬರುವುದಿಲ್ಲ. ಇತ್ತೀಚಿನ ಬಹಳಷ್ಟು ಲೈವ್ ಒಪೆರಾ ಮುದ್ರಣಗಳಲ್ಲಿ ಹಲವು ಪ್ರದರ್ಶನಗಳಿಂದ, ರಿಹರ್ಸಲ್‌ಗಳಿಂದ ಒಳ್ಳೆಯ ತುಣುಕುಗಳನ್ನು ಆರಿಸಿ ಜೋಡಿಸಿರುತ್ತಾರೆ. ಅಲ್ಲಿ ಕೆಮ್ಮು ಇಲ್ಲ, ದಣಿವೂ ಇಲ್ಲ.

ಇನ್ನೊಂದು ವಿಷಯವನ್ನು ಲೈವ್ ಮುದ್ರಣ ಮರೆಮಾಚಲಾರದು: ಕೂತವರು ಯಾರು ಎಂಬುದು. ಬೈರಾಯ್ಟ್ ಉತ್ಸವ ಯುದ್ಧದ ನಂತರ ಮತ್ತೆ ತೆರೆದದ್ದು 1951ರಲ್ಲಿ. ಹಿಟ್ಲರ್ ಬಂದು ಕೂರುತ್ತಿದ್ದ, 1940ರಿಂದ 1944ರವರೆಗೆ ಸೈನಿಕರನ್ನು ಕರೆತಂದು ಕೂರಿಸಿದ ಅದೇ ಮರದ ಸಭಾಂಗಣ. ವಾಗ್ನರ್‌ನ ಮೊಮ್ಮಗ ವೀಲಾಂಡ್ ರಂಗದಿಂದ ಬಂಡೆ, ಮರ, ಕೊಂಬಿನ ಶಿರಸ್ತ್ರಾಣ ಎಲ್ಲವನ್ನೂ ತೆಗೆದುಹಾಕಿ, ದುಂಡನೆಯ ಖಾಲಿ ವೇದಿಕೆ ಮತ್ತು ಬೆಳಕು ಮಾತ್ರ ಉಳಿಸಿದ್ದು ಈ ನೆನಪಿನ ಜೊತೆಗಿನ ಜಗಳವೂ ಹೌದು. ಹಾಡುವವರು ಹೆಚ್ಚು ಓಡಾಡದೆ ನಿಂತು ಹಾಡುವುದರಿಂದ ಮುದ್ರಣಕ್ಕೆ ಅದು ಲಾಭವೇ ಆಯಿತು. ಆದರೆ ಪೌಲ್ ಕ್ಯೂನ್ ಅವರ ಮೀಮೆ ಗೋಳಾಡುತ್ತಾ, ಹಲ್ಲು ಗಿಂಜುತ್ತಾ ಹಾಡುವಾಗ ನನ್ನ ಮನಸ್ಸು ಪ್ರೇಕ್ಷಕರ ಕಡೆ ಹೋಗುತ್ತದೆ. ವಾಗ್ನರ್‌ನ ಯಹೂದಿ ದ್ವೇಷ ಅವನ ಲೇಖನಗಳಲ್ಲಿ ಬಹಿರಂಗವಾಗಿಯೇ ಇದೆ, ಮೀಮೆ ಪಾತ್ರದಲ್ಲಿ ಅದರ ನೆರಳು ಇದೆ ಎಂಬ ವಾದವೂ ಹಳೆಯದು. ಯುದ್ಧ ಮುಗಿದು ಹತ್ತು ವರ್ಷಕ್ಕೆ, ಆ ಕತ್ತಲಲ್ಲಿ ಅಲುಗದೆ ಕೂತು ಇದನ್ನು ಕೇಳಿದವರ ತಲೆಯಲ್ಲಿ ಏನಿತ್ತು? ಸ್ಟುಡಿಯೋ ಮುದ್ರಣ ಈ ಪ್ರಶ್ನೆಯನ್ನು ಹುಟ್ಟಿಸುವುದಿಲ್ಲ, ಅದರಲ್ಲಿ ಕೂತವರೇ ಇಲ್ಲ. 1955ರ ಟೇಪಿನಲ್ಲಿ ಆಗಾಗ ಬರುವ ಒಂದು ಕೆಮ್ಮು, ಒಂದು ಕುರ್ಚಿಯ ಸದ್ದು ಆ ವರ್ಷವನ್ನು ಎತ್ತಿ ಮುಂದಿಡುತ್ತದೆ. ಅದು ಹಿತವಾಗಿರುವುದಿಲ್ಲ, ಹಿತವಾಗಿರಬೇಕಾಗಿಯೂ ಇಲ್ಲ.

ಹಾಗಾದರೆ ತಪ್ಪುಗಳು?

ತಪ್ಪುಗಳಿವೆ, ಅವನ್ನು ಹೊಗಳುವ ಉದ್ದೇಶ ನನಗಿಲ್ಲ. ಶ್ರುತಿ ತಪ್ಪಿದ ಹಾರ್ನ್ ಶ್ರುತಿ ತಪ್ಪಿದ್ದೇ. 'ರೈನ್‌ಗೋಲ್ಡ್' ಈ ನಾಲ್ಕರಲ್ಲಿ ದುರ್ಬಲವಾದದ್ದು. ಲೋಗೆಯ ಪಾತ್ರದಲ್ಲಿ ರುಡಾಲ್ಫ್ ಲುಸ್ಟಿಗ್ ಸಾಧಾರಣ. ಆ ಬೆಂಕಿದೇವರಿಗೆ ಬೇಕಾದ ಕುಟಿಲ ಚುರುಕು ಅವರಲ್ಲಿಲ್ಲ, ಲೋಗೆ ಸಪ್ಪೆಯಾದರೆ ಆ ಇಡೀ ಸಂಜೆ ಸಪ್ಪೆ. ಇದು ದಣಿವಿನಿಂದ ಬಂದದ್ದಲ್ಲ, ಪಾತ್ರಕ್ಕೆ ಆಳು ಹೊಂದದೆ ಬಂದದ್ದು. ಆದ್ದರಿಂದ ಇದಕ್ಕೆ ಲೈವ್ ಎಂಬ ನೆಪದ ಮಾಫಿಯೂ ಇಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ತಪ್ಪು ಎಲ್ಲಿಂದ ಬಂತು ಎಂಬುದು. ಅಜಾಗರೂಕತೆಯಿಂದ ಬಂದರೆ ಅಂಕ ಕಳೆಯಿರಿ. ಆಗಲೇ ಎಲ್ಲವನ್ನೂ ಕೊಟ್ಟುಬಿಟ್ಟವರಿಂದ, ಇನ್ನೂ ಕೊಡಲು ಹೋದಾಗ ಬಂದರೆ ಅದನ್ನು ಬೇರೆ ಕಿವಿಯಿಂದ ಕೇಳಬೇಕು. 'ವಾಲ್ಕ್ಯೂರೆ' ಮೊದಲ ಅಂಕದಲ್ಲಿ ರಾಮೋನ್ ವಿನಾಯ್ ಅವರ ಸೀಗ್‌ಮುಂಡ್ ಇಂಥ ಕಡೆ ನಿಲ್ಲುತ್ತಾನೆ. ವಿನಾಯ್ ಬ್ಯಾರಿಟೋನ್ (ಟೆನರ್‌ಗಿಂತ ತಗ್ಗಿನ ಗಂಡು ದನಿ) ಆಗಿ ಶುರುಮಾಡಿ ಟೆನರ್ ಆದವರು, ಕೊನೆಗೆ ಮತ್ತೆ ಬ್ಯಾರಿಟೋನ್‌ಗೆ ಮರಳಿದವರು. ಮೇಲಿನ ಸ್ವರಗಳಿಗೆ ಅವರು ಏಣಿ ಹಾಕಿ ಹತ್ತಬೇಕು, ಆ ಶ್ರಮ ಬಚ್ಚಿಡಲಾಗುವುದಿಲ್ಲ. ತಂದೆಯ ಹೆಸರು ಕೂಗಿ ಕತ್ತಿ ಕೇಳುವಾಗ ಅದು ಸುಂದರವಾದ ದನಿ ಅಲ್ಲ. ಆದರೆ ಆಯುಧವಿಲ್ಲದೆ ವೈರಿಯ ಮನೆಯಲ್ಲಿ ಸಿಕ್ಕಿಬಿದ್ದವನ ದನಿ ಇದೇ. ಪಕ್ಕದಲ್ಲಿ ಗ್ರೇ ಬ್ರೌವನ್‌ಸ್ಟೈನ್ ಅವರ ಸೀಗ್ಲಿಂಡೆ ಎಷ್ಟು ತಿಳಿಯಾಗಿ ಹಾಡುತ್ತಾರೆಂದರೆ ಇವರಿಬ್ಬರೂ ಅವಳಿಗಳೆಂದು ದನಿಯಿಂದ ಯಾರೂ ಹೇಳಲಾರರು. ಪ್ರೀತಿ ಮಾತ್ರ ನಂಬುವಂತಿದೆ.

ಇನ್ನು ಬ್ರೂನ್‌ಹಿಲ್ಡೆಯ ವಿಷಯ. ಆ ವರ್ಷ ಡೆಕ್ಕಾ ಎರಡನೇ ಆವರ್ತವನ್ನೂ ಮುದ್ರಿಸಿತು. ಅದರ 'ವಾಲ್ಕ್ಯೂರೆ' ಮತ್ತು 'ಗೊಟರ್‌ಡ್ಯಾಮರುಂಗ್'ನಲ್ಲಿ ಬ್ರೂನ್‌ಹಿಲ್ಡೆ ಮಾರ್ಥಾ ಮೋಡ್ಲ್. ಟೆಸ್ಟಮೆಂಟ್ ಅವನ್ನೂ ಹೊರತಂದಿದೆ. ಒಂದೇ ಬೇಸಿಗೆ, ಒಂದೇ ಕಂಡಕ್ಟರ್, ಒಂದೇ ಸಭಾಂಗಣ, ಇಬ್ಬರು ಬ್ರೂನ್‌ಹಿಲ್ಡೆಯರು. ಲೈವ್ ಮುದ್ರಣಗಳನ್ನು ತೂಗುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ವಾರ್ನೈ ದನಿ ಲೋಹದಂತಿದೆ, ಕೆಳಗಿನಿಂದ ಸ್ವರಕ್ಕೆ ಏರುವ ಅಭ್ಯಾಸ ಇದೆ, ಕೊನೆಯವರೆಗೂ ಬಲ ಇದೆ. ಮೋಡ್ಲ್ ಮೆಜ್ಜೋ (ತುಸು ತಗ್ಗಿನ ಹೆಣ್ಣು ದನಿ) ಆಗಿ ಶುರುಮಾಡಿದವರು; ಮೇಲಿನ ಸ್ವರಗಳು ಬಿಗಿದುಕೊಳ್ಳುತ್ತವೆ, ಕೆಲವು ಕಡೆ ಹಿಂಡಿದಂತೆ ಬರುತ್ತವೆ. ಆದರೆ 'ಗೊಟರ್‌ಡ್ಯಾಮರುಂಗ್' ಎರಡನೇ ಅಂಕದಲ್ಲಿ ಈಟಿಯ ಮೇಲೆ ಆಣೆ ಇಡುವಾಗ ಅವರು ಉರಿಯುತ್ತಾರೆ. ಮೂರನೇ ಅಂಕಕ್ಕೆ ಏನು ಉಳಿಯುತ್ತದೆ ಎಂಬ ಲೆಕ್ಕವನ್ನೇ ಹಾಕದವರಂತೆ ಹಾಡುತ್ತಾರೆ.

ನನ್ನ ಆಯ್ಕೆ ವಾರ್ನೈ. ತಮ್ಮ ಮೂರೂ ಸಂಜೆಗಳನ್ನು ಒಂದೇ ಉಸಿರಿನಲ್ಲಿ ಯೋಚಿಸಿದವರು ಅವರು, ಚಿತೆಯ ದೃಶ್ಯಕ್ಕೆ ಬಂದಾಗ ಅದರ ಫಲ ಕೇಳಿಸುತ್ತದೆ: ಕೊನೆಯಲ್ಲಿ ಕೂಗಾಟವಿಲ್ಲ, ಅವಸರವಿಲ್ಲ, ವೋಟಾನ್‌ಗೆ ವಿಶ್ರಾಂತಿ ಹಾರೈಸುವ ಸಾಲಿಗೆ ಇನ್ನೂ ಮೃದುವಾದ ದನಿ ಉಳಿದಿದೆ. ಆಕಾಶವಾಣಿಯ ಹಿರಿಯರಿಗೆ ಎರಡನ್ನೂ ಕೇಳಿಸಿದೆ. ಅವರು ಮೋಡ್ಲ್ ಪರ. "ಇನ್ನೊಬ್ಬರು ಚೆನ್ನಾಗಿ ನಿಭಾಯಿಸಿದ್ದಾರೆ, ಒಪ್ಪಿದೆ. ಈಯಮ್ಮ ನಿಭಾಯಿಸೋಕೆ ಬಂದಿಲ್ಲ" ಎಂದರು. ನನ್ನ ಅಳತೆಗೋಲಿನ ಪ್ರಕಾರ ಮೋಡ್ಲ್ ಸೋಲಬೇಕು, ಆ ಎರಡನೇ ಅಂಕ ಕೇಳುವಾಗ ಮಾತ್ರ ಅವರು ಸೋಲುವುದಿಲ್ಲ. ಮುಂದಿನ ಭಾನುವಾರ ಮೋಡ್ಲ್ ಅವರ 'ವಾಲ್ಕ್ಯೂರೆ'ಯನ್ನು ಪೂರ್ತಿ, ನಡುವೆ ನಿಲ್ಲಿಸದೆ ಕೇಳುವುದೆಂದು ಮಾತಾಗಿದೆ.